ಪ್ಲಾಸ್ಟರ್ ಚೀಲದ ಮೇಲಿನ ನಿರ್ದೇಶಕ

ಹಲ್ಲಿನ ಸೆಟ್ಟು ಕಟ್ಟುವ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಮೇಣ ಕರಗಿಸಲು ಕೂತರೆ ಸಂಜೆ ಐದರವರೆಗೆ ಕಂಡವರ ದವಡೆಯೆಲ್ಲ ಅವಳ ಕೈಯಲ್ಲಿ. ಮನೆಯ ನಡುಕೋಣೆಯಲ್ಲಿ ಅವಳ ಇನ್ನೊಂದು ಸಂಸಾರವಿತ್ತು: ಗೋಡೆಯುದ್ದಕ್ಕೂ ವಿಡಿಯೊ ಕ್ಯಾಸೆಟ್ಟುಗಳು. ಮಕ್ಕಳ ಹಳೆಯ ಮಾಯಾಕಥೆಗಳನ್ನು ಯಾರ್ಯಾರೋ ಎಂದೋ ತೆರೆಗೆ ತಂದು, ನೋಡುವವರಿಲ್ಲದೆ ಮೂಲೆಗೆ ಬಿದ್ದ ಚಿತ್ರಗಳು, ಧಾರಾವಾಹಿಗಳು. ಹೆಸರಾದ ಚಿತ್ರಗಳ ಕಡೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. "ಅವಕ್ಕೆ ಜನ ಬೇಕಾದಷ್ಟಿದ್ದಾರೆ" ಎನ್ನುತ್ತಿದ್ದಳು.

ಅವಳು ಪ್ರಾಣವನ್ನೇ ಇಟ್ಟುಕೊಂಡಿದ್ದದ್ದು ಆರು ಕಂತಿನ ಒಂದು ಬೊಂಬೆ ಧಾರಾವಾಹಿಯ ಮೇಲೆ. ಸರೋವರದ ತಳದಲ್ಲಿ ಕೂತು ಜನರ ದನಿ ನುಂಗುವ ರಾಕ್ಷಸನ ಹಿಡಿತದಿಂದ ಅಕ್ಕನೊಬ್ಬಳು ತಮ್ಮನನ್ನು ಬಿಡಿಸಿಕೊಂಡು ಬರುವ ಕಥೆ. ಆ ಪುಸ್ತಕವನ್ನು ಓದದ ಮಕ್ಕಳೇ ಇರಲಿಲ್ಲ. ಧಾರಾವಾಹಿಯನ್ನು ಮಾತ್ರ ಕಂಡವರೆಲ್ಲ ನಕ್ಕಿದ್ದರು. ಬೊಂಬೆಗಳ ದಾರ ಕಾಣುತ್ತಿತ್ತು, ನೀರಿನ ಬದಲು ನೀಲಿ ಬಟ್ಟೆ ಅಲ್ಲಾಡುತ್ತಿತ್ತು. ಆದರೆ ರಾಕ್ಷಸನ ಹಲ್ಲುಗಳನ್ನು ಯಾರೋ ಒಂದೊಂದಾಗಿ, ಅಗಿದು ಅಗಿದು ಸವೆದ ಅಂಚಿನ ಸಮೇತ ಕೆತ್ತಿದ್ದರು. ಅಷ್ಟು ಶ್ರದ್ಧೆಯ ಕೆಲಸವನ್ನು ಜನ ಹೇಗೆ ಮರೆತರೆಂಬುದೇ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಗಂಟಲ ಕಾಯಿಲೆಯಿಂದ ಮಾತು ಕಳೆದುಕೊಂಡಿದ್ದ ಅಮ್ಮನ ಕಾಲ ಬಳಿ ಕೂತು ಅವಳು ಅದನ್ನು ಮೊದಲ ಸಲ ನೋಡಿದ್ದಳು. ಮೂರನೆಯ ಕಂತಿನಲ್ಲಿ ರಾಕ್ಷಸ ಹುಡುಗನ ದನಿ ನುಂಗಿದಾಗ ಅಮ್ಮ ಅವಳ ತಲೆಯ ಮೇಲೆ ಇಟ್ಟ ಕೈಯನ್ನು ಕಂತು ಮುಗಿಯುವವರೆಗೂ ತೆಗೆದಿರಲಿಲ್ಲ.

ಇದನ್ನೆಲ್ಲ ಹದಿನಾಲ್ಕು ಪುಟ ಬರೆದು, ಧಾರಾವಾಹಿಯನ್ನು ಒಮ್ಮೆ ತೋರಿಸಿ ಎಂದು ಅವಳು ಊರಿನ ಚಿತ್ರಸಂಘದ ಅಧ್ಯಕ್ಷರಿಗೆ ಕೊಟ್ಟಳು. ಅಧ್ಯಕ್ಷರು ಪತ್ರಿಕೆಗಳಲ್ಲಿ ಬರೆಯುವವರು, ಸಭೆಗಳಲ್ಲಿ ಮಾತಾಡುವವರು. ಮುಂದಿನ ಭಾನುವಾರ ಸಂಘದ ಸಭೆಯಲ್ಲಿ ಎಲ್ಲರೆದುರು ಅವರು, "ಹಲ್ಲು ಕಟ್ಟೋರಿಗೆ ಹಲ್ಲೇ ಕಾಣೋದು, ಬಿಡಿ" ಎಂದರು. ಇಡೀ ಸಭೆ ನಕ್ಕಿತು. ಅವಳೂ ಹಲ್ಲು ಕಿರಿದಳು.

ಎಂಟು ತಿಂಗಳ ಮೇಲೆ ಲ್ಯಾಬಿನಲ್ಲಿ ಚಹಾ ಕುಡಿಯುತ್ತ ವಾರಪತ್ರಿಕೆ ತಿರುವಿದಾಗ ಅವಳ ಹದಿನಾಲ್ಕು ಪುಟ ಅಲ್ಲಿತ್ತು, ಅಧ್ಯಕ್ಷರ ಹೆಸರಿನಲ್ಲಿ, ಅವರ ಫೋಟೊದ ಕೆಳಗೆ. ಸವೆದ ಹಲ್ಲುಗಳಿದ್ದವು, ನೀಲಿ ಬಟ್ಟೆಯಿತ್ತು. "ಮಾತು ಕಳೆದುಕೊಂಡ ನನ್ನ ತಾಯಿಯ ಕಾಲ ಬಳಿ ಕೂತು" ಎಂಬ ಸಾಲೂ ಇತ್ತು. ಅಧ್ಯಕ್ಷರ ತಾಯಿ ಗಟ್ಟಿಮುಟ್ಟಾಗಿದ್ದರು. ಅವರ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತಿತ್ತು.

ಲೇಖನ ಓದಿ ಅವಳ ತಮ್ಮ ಉರಿದುಬಿದ್ದ. "ನಡಿ ಅಕ್ಕ, ಕಾಲರ್ ಹಿಡ್ದು ಕೇಳೋಣ."

"ನನ್ನ ಹತ್ರ ನಕಲಿಲ್ಲ ಕಣೋ. ಕೇಳಿದ್ರೆ ಇಲ್ಲ ಅಂತಾನೆ. ಅಮ್ಮನ್ನ ಕದ್ದಿದಾನೆ ಅವ್ನು. ಅವನಾಗೇ ನಡ್ಕೊಂಡ್ ಬಂದು ಹಳ್ಳಕ್ಕೆ ಬೀಳ್ಬೇಕು."

ಒಂದು ವಾರ ಯೋಚಿಸಿ ಅವಳು ಅಧ್ಯಕ್ಷರಿಗೇ ಇನ್ನೊಂದು ಕಾಗದ ಬರೆದಳು. ನಿಮ್ಮ ಲೇಖನ ಓದಿ ಕಣ್ಣು ತುಂಬಿತು ಎಂದು ಬೆಣ್ಣೆ ಹಚ್ಚಿದಳು. ಅದೇ ಕಥೆಯ ಇನ್ನೂ ಹಳೆಯ ಕಪ್ಪುಬಿಳುಪು ಚಿತ್ರವೊಂದಿತ್ತು, ತಮ್ಮಂಥವರು ನೋಡಿಯೇ ಇರುತ್ತೀರಿ ಎಂದು ಸೇರಿಸಿ, ಅದನ್ನು ದೃಶ್ಯ ದೃಶ್ಯವಾಗಿ ಕಟ್ಟಿಕೊಟ್ಟಳು. ನೀರು ಬತ್ತಿದ ಈಜುಕೊಳದಲ್ಲಿ ತೆಗೆದದ್ದಂತೆ. ರಾಕ್ಷಸನ ಪಾತ್ರ ಒಂಟಿ ಕೈಯ ಬೇಕರಿಯವನದಂತೆ. ಎಲ್ಲ ಶುದ್ಧ ಸುಳ್ಳು. ನಿರ್ದೇಶಕನಿಗೆ, ದವಡೆಯ ಅಚ್ಚು ಎರೆಯಲು ಲ್ಯಾಬಿಗೆ ತರಿಸುತ್ತಿದ್ದ ಪ್ಲಾಸ್ಟರ್ ಚೀಲದ ಮೇಲಿದ್ದ ತಯಾರಕನ ಹೆಸರು, ಛಾಯಾಗ್ರಾಹಕನಿಗೆ ಮೇಣದ ಡಬ್ಬಿಯ ಹೆಸರು. ಈ ಸಲ ನಕಲು ಇಟ್ಟುಕೊಂಡಳು.

ಮೂರು ತಿಂಗಳೊಳಗೆ ಅಧ್ಯಕ್ಷರ ಹೊಸ ಲೇಖನ ಬಂತು. ಆ ಚಿತ್ರವನ್ನು ಅವರು ಬಾಲ್ಯದಲ್ಲಿ ಎರಡು ಸಲ ನೋಡಿದ್ದರಂತೆ. ಬೇಕರಿಯವನ ಒಂಟಿ ಕೈಯ ಬಗ್ಗೆಯೇ ಒಂದು ಪುಟ. ಗ್ರಂಥಾಲಯದವರು ಅದರ ಮೇಲೆ ಉಪನ್ಯಾಸವನ್ನೂ ಇಟ್ಟರು.

ಹಲ್ಲಕ್ಕ ಅರ್ಧ ದಿನ ರಜೆ ಹಾಕಿ, ಪ್ಲಾಸ್ಟರಿನ ಖಾಲಿ ಚೀಲವನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತಳು. ಅಧ್ಯಕ್ಷರು ಮೈಮರೆತು ಮಾತಾಡಿದರು. ಪ್ರಶ್ನೆಗಳಿವೆಯೇ ಎಂದಾಗ ಅವಳು ಏಳುವಷ್ಟರಲ್ಲಿ ಹಿಂದಿನಿಂದ ನಿವೃತ್ತ ಶಾಲಾ ಟೀಚರೊಬ್ಬರು ಎದ್ದರು. "ನಾನೂ ನೋಡಿದೀನಿ ಆ ಪಿಕ್ಚರ್ನ. ನಮ್ಮಣ್ಣನ ಹೆಗಲ ಮೇಲೆ ಕೂತು ನೋಡಿದ್ದು. ಅಣ್ಣ ಹೋಗಿ ಎಷ್ಟೋ ವರ್ಷ ಆಯ್ತು. ಇವತ್ತು ಎಲ್ಲ ಕಣ್ಣಿಗೆ ಕಟ್ಟಿದ ಹಾಗಾಯ್ತು" ಎಂದು ಕಣ್ಣೊರೆಸಿಕೊಂಡರು.

ಹಲ್ಲಕ್ಕನ ಕಾಲು ಒಂದು ಗಳಿಗೆ ತಡೆಯಿತು. ಕೂತುಬಿಡಬಹುದಿತ್ತು. ಅಷ್ಟರಲ್ಲಿ ಅಧ್ಯಕ್ಷರು ಟೀಚರತ್ತ ಕೈಮುಗಿದು, "ನನ್ನ ತಾಯಿಯೂ ಹೀಗೇ ಅತ್ತಿದ್ದರು" ಎಂದರು.

ಅವಳು ಎದ್ದಳು. "ಸಾರ್, ಡೈರೆಕ್ಟ್ರ ಹೆಸ್ರು ಇನ್ನೊಂದ್ಸಲ ಹೇಳ್ತೀರಾ?"

ಅವರು ಹೇಳಿದರು. ಅವಳು ಚೀಲವನ್ನು ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಬಿಳಿ ಪುಡಿ ಮುಂದಿನ ಸಾಲಿನವರ ತಲೆಯ ಮೇಲೆ ಉದುರಿತು. "ಇಲ್ಲಿದಾರೆ ನೋಡಿ. ತಿಂಗ್ಳಿಗೆ ನಾಲ್ಕು ಚೀಲ ತರಿಸ್ತೀವಿ." ಕಾಗದದ ನಕಲನ್ನು ಗ್ರಂಥಪಾಲಕರ ಕೈಗಿತ್ತು, "ಜೋರಾಗಿ ಓದಿ" ಎಂದಳು. ಅವರು ಓದಿದರು. ಎರಡನೆಯ ಪುಟಕ್ಕೆ ಬರುವ ಮೊದಲೇ ಸಭೆ ಬಿದ್ದು ಬಿದ್ದು ನಗುತ್ತಿತ್ತು. ಅಧ್ಯಕ್ಷರು ನೀರಿನ ಲೋಟಕ್ಕೆ ಕೈ ಹಾಕಿ ಅದನ್ನೂ ಬೀಳಿಸಿದರು. ಅವರ ಮುಖದ ಮೇಲಿಂದ ಅವಳು ಕಣ್ಣು ತೆಗೆಯಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಟೀಚರು ಅಡ್ಡ ನಿಂತರು. "ನೀನು ಸುಳ್ಳು ಬರ್ದಿರಬಹುದಮ್ಮ. ನಾನು ನೋಡಿದ್ದು ನಿಜ."

"ಇಲ್ಲ ಟೀಚರೇ. ಕ್ಷಮಿಸಿ" ಎಂದಳು ಹಲ್ಲಕ್ಕ. ಟೀಚರು ಒಪ್ಪದೆ ಹೊರಟುಹೋದರು. ಅಂದಿನದರಲ್ಲಿ ಅವಳಿಗೆ ನೋವಾದದ್ದು ಅದೊಂದೇ.

ವಾರಪತ್ರಿಕೆ ನಾಲ್ಕು ಸಾಲಿನ ವಿಷಾದ ಅಚ್ಚುಮಾಡಿ, ಮೊದಲ ಲೇಖನವನ್ನು ಅವಳ ಹೆಸರಿನಲ್ಲಿ ಮತ್ತೆ ಹಾಕಿತು. ಸಂಘದವರು ಧಾರಾವಾಹಿ ತೋರಿಸಿದರು. ಹನ್ನೊಂದು ಜನ ಬಂದರು, ಯಾರೂ ನಗಲಿಲ್ಲ. ಆದರೆ ಮೂರನೆಯ ಕಂತು ಬಂದಾಗ ಅವಳಿಗೆ ಅಮ್ಮನ ಕೈಯ ಜೊತೆ ಆ ಮನುಷ್ಯನ ಫೋಟೊವೂ ನೆನಪಾಯಿತು. ಹಾಳು ಮಾಡಿಬಿಟ್ಟಿದ್ದ.

"ಇನ್ನಾದ್ರೂ ಬಿಡು ಅಕ್ಕ. ಅಧ್ಯಕ್ಷಗಿರಿ ಹೋಯ್ತಲ್ಲ" ಎಂದ ತಮ್ಮ.

"ಅವ್ನ ಆಜೀವ ಸದಸ್ಯತ್ವ ಇನ್ನೂ ಇದೆ" ಎಂದಳು ಅವಳು. ಮರುದಿನ ಊಟದ ಬಿಡುವಿನಲ್ಲಿ ಅದನ್ನೂ ರದ್ದು ಮಾಡಿ ಎಂದು ಸಂಘಕ್ಕೆ ಒಂದು ಅರ್ಜಿ ಬರೆದು, ಲ್ಯಾಬಿನವರೆಲ್ಲರ ಸಹಿ ಹಾಕಿಸಿದಳು.