ಅನುಭವ: ಇಲ್ಲ

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಪಾತ್ರೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸಗಳಿಗೆ ಜನರನ್ನು ಹುಡುಕಿಕೊಟ್ಟಿದ್ದೇನೆ. ಎಸ್ಟೇಟಿಗೆ ರೈಟರು, ಹಾಸ್ಟೆಲಿಗೆ ಅಡುಗೆಯವರು, ಜವಳಿ ಅಂಗಡಿಗೆ ಸೇಲ್ಸ್‌ನವರು, ನರ್ಸಿಂಗ್ ಹೋಮಿಗೆ ಆಯಾ. ಊರಿನವರು ನನಗೆ ಕೆಲಸದ ಬ್ರೋಕರ್ ಎಂದು ಹೆಸರಿಟ್ಟಿದ್ದರು. ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಒಗ್ಗಿಹೋಯಿತು.

ಈಗ ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ಬುದ್ಧಿಮಾತು ಕೇಳುತ್ತಾರೆ. ಅವರು ಓದಿಕೊಂಡು ಬಂದ ಪುಸ್ತಕಗಳಲ್ಲಿ, ಸಂದರ್ಶನಕ್ಕೆ ಒಂದು ಗಂಟೆ ಮೊದಲೇ ಬಂದವನು ಶಿಸ್ತಿನವನು ಎಂದಿರುತ್ತದಂತೆ. ನಮ್ಮ ಕಡೆ ಒಂದು ಗಂಟೆ ಮೊದಲೇ ಬಂದವನ ಊರಿಗೆ ಇರುವುದು ಅದೊಂದೇ ಬಸ್ಸು, ಅಷ್ಟೇ. ಶಿಸ್ತು ನೋಡಬೇಕಾದರೆ ವಾಪಸು ಹೋಗುವ ಬಸ್ಸು ಹೊರಡುತ್ತಿದ್ದರೂ ಕಿಟಕಿಯತ್ತ ನೋಡದೆ ಕೂತವನನ್ನು ನೋಡಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವಂಥದ್ದೇನೂ ಅದರಲ್ಲಿಲ್ಲ.

ನನಗೆ ಮೊದಲ ಪೆಟ್ಟು ಕೊಟ್ಟವರು ಶೃಂಗೇರಿ ಕಡೆಯ ಒಬ್ಬ ಅಡುಗೆಯವರು. ಹಾಸ್ಟೆಲ್ ಒಂದಕ್ಕೆ ಜನ ಬೇಕಾಗಿತ್ತು. ಎಷ್ಟು ಜನರಿಗೆ ಅಡುಗೆ ಮಾಡಿ ಅಭ್ಯಾಸ ಎಂದು ಕೇಳಿದೆ. "ಏನೋ ನಾಲ್ಕು ಜನಕ್ಕೆ ಬೇಯಿಸಿ ಹಾಕ್ತೀನಿ ಮಾರಾಯ್ರೆ, ಅಷ್ಟೇ" ಎಂದರು. ಪಾಪ, ನಾಲ್ಕೇ ಜನ ಎಂದು ಅವರನ್ನು ಕಳಿಸಿಬಿಟ್ಟೆ. ಮುಂದಿನ ತಿಂಗಳು ಅಡ್ಡಗದ್ದೆಯಲ್ಲಿ ಒಂದು ಮದುವೆಗೆ ಹೋದರೆ, ಆರುನೂರು ಎಲೆಯ ಊಟಕ್ಕೆ ಮುಖ್ಯ ಅಡುಗೆಯವರು ಅವರೇ. ಸೌಟು ಹಿಡಿದು ನನ್ನ ಎಲೆಗೆ ಎರಡು ಸಲ ಪಾಯಸ ಬಡಿಸಿದರು. ನಾನು ತಲೆ ಬಗ್ಗಿಸಿಕೊಂಡು ತಿಂದೆ.

ಅಂದಿನಿಂದ ಒಂದು ಲೆಕ್ಕ ಕಲಿತೆ. ನಮ್ಮಲ್ಲಿ ತನ್ನ ಬಾಯಲ್ಲಿ ತನ್ನನ್ನೇ ಹೊಗಳಿಕೊಳ್ಳುವುದು ಹಲ್ಲುಜ್ಜದೆ ಜಗಲಿಗೆ ಬಂದ ಹಾಗೆ. ಅದಕ್ಕೇ ಕಸುಬು ಗೊತ್ತಿದ್ದವರೆಲ್ಲ "ಸುಮಾರಾಗಿ", "ಏನೋ ಸ್ವಲ್ಪ" ಎನ್ನುತ್ತಾರೆ. ಅವರು ಹೇಳಿದ್ದನ್ನು ನಾಲ್ಕರಿಂದ ಗುಣಿಸಬೇಕು. ನಮ್ಮ ನರಸಿಂಹರಾಜಪುರದ ವ್ಯಾಪಾರಸ್ಥರ ಮನೆಯ ಹುಡುಗರು ಹೇಳಿದ್ದನ್ನು ಮಾತ್ರ ಎರಡರಿಂದ ಭಾಗಿಸಬೇಕು. ನಾನೂ ಅಂಥದೇ ಮನೆಯವನಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಈ ಲೆಕ್ಕ ನಡೆಯುತ್ತಿತ್ತು, ನನಗೆ ಅದರ ಮೇಲೆ ಜಂಬವೂ ಬಂದಿತ್ತು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳ ಮಾತು. ಬಸರೀಕಟ್ಟೆ ಹತ್ತಿರದ ಒಂದು ಕಾಫಿ ಎಸ್ಟೇಟು ಕೈ ಬದಲಾಗಿ ಹೊಸ ಮ್ಯಾನೇಜರು ಬಂದಿದ್ದರು. ಅಲ್ಲಿನ ರೈಟರಿಗೆ, ಎಂದರೆ ಆಳುಗಳ ಹಾಜರಿ ಹಿಡಿದು ಕೆಲಸದ ಪುಸ್ತಕ ಬರೆಯುವವರಿಗೆ, ಕಣ್ಣು ಪೂರ್ತಿ ಮಂಜಾಗಿದೆ ಎಂದು ಅವರಿಗೆ ಮೊದಲ ವಾರದಲ್ಲೇ ತಿಳಿಯಿತು. ಕೊಟ್ಟ ಕಾಗದವನ್ನು ರೈಟರು ತಲೆಕೆಳಗಾಗಿ ಹಿಡಿದಿದ್ದರಂತೆ. ಕೆಲಸ ಬಿಡಿಸಿ, ಹೊಸಬರನ್ನು ಹುಡುಕಲು ನನಗೆ ಹೇಳಿದರು. ಹಳೆಯ ಹಾಜರಿ ಪುಸ್ತಕದ ಒಂದು ಹಾಳೆಯ ಜೆರಾಕ್ಸನ್ನೂ ಕೊಟ್ಟರು.

"ನೋಡಿ, ಎಷ್ಟು ಚೊಕ್ಕವಾಗಿದೆ. ಪಾಪ, ಕಣ್ಣು ಹೋಯ್ತು. ಇಂಥ ಅಕ್ಷರದವರೇ ಬೇಕು ನಂಗೆ."

ರೈಟರ ಕೆಲಸದ ಜೊತೆಗೆ ಎಸ್ಟೇಟಿನ ಒಂದು ಮನೆಯೂ ಬರುತ್ತದೆ. ಹಳಬರು ತಿಂಗಳ ಕೊನೆಗೆ ಆ ಮನೆ ಬಿಡಬೇಕಾಗಿತ್ತು.

ಜಾಹೀರಾತು ಅಂಟಿಸಿದ ಮೂರನೇ ದಿನ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಂದರು. ಆ ರೈಟರ ಹೆಂಡತಿ. ಅರ್ಜಿಯನ್ನು ಅಲ್ಲೇ ಕೂತು ತುಂಬಿದರು. ಅನುಭವ ಎಂಬ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದಿದ್ದರು.

"ಯಜಮಾನರ ಜೊತೆ ಸ್ವಲ್ಪ ಏನಾದ್ರೂ ನೋಡಿದೀರಾ?" ಎಂದೆ, ನಾಲ್ಕರಿಂದ ಗುಣಿಸಲು ತಯಾರಾಗಿ.

"ಇಲ್ಲ ಸಾರ್. ಎಂತದೂ ಇಲ್ಲ."

ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ತಾನೆ! ಅನುಭವ ಇಲ್ಲದವರನ್ನು ಕಳಿಸಿದರೆ ನನ್ನ ಹೆಸರು ಕೆಡುತ್ತದೆ ಎಂದೆ. ಅವರು ಎದ್ದರು, ಮತ್ತೆ ಕೂತರು.

"ಮನೆ ಹೋದ್ರೆ ಹೋಗ್ಲಿ ಅಂತಿದ್ದೆ ಸಾರ್. ಆದ್ರೆ ಆ ಮನೇಲಿ ಇವರಿಗೆ ಎಲ್ಲಾ ಕೈಯಳತೆ. ಬಾವಿಗೆ ಎಷ್ಟು ಹೆಜ್ಜೆ, ಬಚ್ಚಲಿಗೆ ಎಷ್ಟು ಹೆಜ್ಜೆ, ಎಲ್ಲಾ ಗೊತ್ತು. ಯಾರ ಕೈ ಹಿಡೀದೆ ಓಡಾಡ್ತಾರೆ. ಬೇರೆ ಮನೆಗೆ ಹೋದ್ರೆ ಒಂದು ಲೋಟ ನೀರಿಗೂ ನನ್ನ ಕರೀಬೇಕು. ಅದು ಇವರಿಗೆ ಆಗಲ್ಲ."

ನನಗೆ ಸಂಕಟವಾಯಿತು. ಆದರೂ ನೋಡೋಣ ಎಂದೆ. ನೋಡೋಣ ಎಂದರೆ ಇಲ್ಲ ಎಂದು ಅರ್ಥ, ಅದು ಅವರಿಗೂ ಗೊತ್ತಿತ್ತು.

ಅವರು ಹೋದ ಮೇಲೆ ಅರ್ಜಿಯನ್ನು ಫೈಲಿಗೆ ಹಾಕಲು ಹೋದಾಗ ಪಕ್ಕದಲ್ಲಿ ಆ ಜೆರಾಕ್ಸ್ ಹಾಳೆ ಕಂಡಿತು. ದಾರ ಹಿಡಿದು ಬರೆದಂಥ ನೇರ ಸಾಲು. ಏಳರ ಅಂಕಿಯ ಕಾಲಿಗೆ ಅಡ್ಡ ಒಂದು ಸಣ್ಣ ಗೆರೆ. ಅರ್ಜಿಯಲ್ಲೂ ಅದೇ ಸಾಲು, ಅದೇ ಏಳು. ಮ್ಯಾನೇಜರು ಇಂಥವರೇ ಬೇಕು ಎಂದ ಅಕ್ಷರದವರು ಈಗಷ್ಟೇ ಮೆಟ್ಟಿಲು ಇಳಿದುಹೋಗಿದ್ದರು, ನಾನೇ ಇಳಿಸಿದ್ದೆ.

ಮರುದಿನ ಜೀಪು ಹತ್ತಿ ಎಸ್ಟೇಟಿನ ಆ ಮನೆಗೆ ಹೋದೆ. ಅವರು ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ನನ್ನ ಕೈಯಲ್ಲಿದ್ದ ಎರಡೂ ಹಾಳೆ ನೋಡಿ ಒಳಗೆ ಕೇಳಿಸದಂತೆ ಮೆತ್ತಗೆ ಮಾತಾಡಿದರು. ಗಂಡನ ಕಣ್ಣು ಮಂಜಾಗಲು ಶುರುವಾಗಿ ಹನ್ನೊಂದು ವರ್ಷ. ಬೆಳಗ್ಗೆ ಗಂಡ ಹೆಸರು ಕೂಗಿ, ಬಾರದವರನ್ನು ನೆನಪಿಟ್ಟುಕೊಂಡು ಬಂದು ಹೇಳುತ್ತಿದ್ದರು. ಪುಸ್ತಕ ಬರೆಯುತ್ತಿದ್ದುದು, ಸಂಜೆ ಕೊಯ್ದ ಹಣ್ಣಿನ ತಕ್ಕಡಿ ನೋಡುತ್ತಿದ್ದುದು, ತೋಟದ ಯಾವ ತುಂಡಿನಲ್ಲಿ ಎಷ್ಟು ಕೆಲಸವಾಯಿತೆಂದು ತಿರುಗಿ ನೋಡಿ ಬರುತ್ತಿದ್ದುದು ಇವರು. ಆಳುಗಳಿಗೆಲ್ಲ ಗೊತ್ತಿತ್ತು. ಇಷ್ಟು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಹಾಗಾದ್ರೆ ಹನ್ನೊಂದು ವರ್ಷ ಅಂತ ಬರೀರಿ ಅಮ್ಮಾ" ಎಂದೆ.

"ಅವರ ಹೆಸರಲ್ಲಿ ಇರೋದೇ ಇಪ್ಪತ್ತನಾಲ್ಕು ವರ್ಷದ ಸರ್ವೀಸು. ಅದ್ರಲ್ಲಿ ಹನ್ನೊಂದು ನಾನು ಕಿತ್ಕಂಡ್ರೆ ಅವರಿಗೆ ಉಳಿಯೋದೆಂತ?"

"ಮನೇನೇ ಇಲ್ದೆ ಹೋದ್ರೆ ಆ ಸರ್ವೀಸು ಇಟ್ಕೊಂಡು ಏನು ಮಾಡ್ತೀರಿ?" ಎಂದು ರೇಗಿದೆ. ನನ್ನ ದನಿ ಹುಟ್ಟಿದಂದಿನಿಂದ ದೊಡ್ಡದು. ಒಳಗೆ ಕೇಳಿಸಿರಬೇಕು, ಕುರ್ಚಿ ಸರಿದ ಸದ್ದಾಯಿತು. ಅವರು ನನ್ನನ್ನು ನೋಡಿದ ನೋಟಕ್ಕೆ ನಾಚಿಕೆಯಾಗಿ, ಸಂದರ್ಶನದ ದಿನ ಸುಮ್ಮನೆ ಬಂದು ಕೂತುಕೊಳ್ಳಿ ಎಂದಷ್ಟೇ ಹೇಳಿ ಜೀಪು ಹತ್ತಿದೆ. ಮ್ಯಾನೇಜರಿಗೆ ನಾನೇ ಹೇಳಿಬಿಡಬಹುದಿತ್ತು. ಆದರೆ ಹನ್ನೊಂದು ವರ್ಷ ಮೋಸ ಮಾಡಿದಿರಿ ಎಂದು ಅವರು ತಿರುಗಿಬಿದ್ದರೆ? ಇರುವ ಮಾನವೂ ಹೋಗುತ್ತದೆ. ಅದು ನಾನು ಹೇಳುವ ಮಾತಾಗಿರಲಿಲ್ಲ.

ನಿಜ ಹೇಳಬೇಕೆಂದರೆ ಜನರನ್ನು ಆರಿಸುವ ಬಗ್ಗೆ ನಾನು ಕಲಿತ ದೊಡ್ಡ ಪಾಠ ಇಲ್ಲೇ ಇದೆ. ಜನ ಸಂಕೋಚಕ್ಕೆ ಕಡಿಮೆ ಹೇಳುತ್ತಾರೆ, ಅದು ಸರಿ. ಪ್ರೀತಿಗೂ ಕಡಿಮೆ ಹೇಳುತ್ತಾರೆ. ಅಣ್ಣನ ಅಂಗಡಿ ನಡೆಸಿದ ತಂಗಿ, ಅತ್ತೆಯ ಹೆಸರಲ್ಲಿ ಬಾಲವಾಡಿ ನೋಡಿಕೊಂಡ ಸೊಸೆ, ಎಲ್ಲರೂ ಅನುಭವ ಇಲ್ಲ ಎಂದೇ ಬರೆಯುತ್ತಾರೆ. ಆಮೇಲೆ ನಾನು ಅದನ್ನು ಕೇಳುವುದನ್ನೇ ಬಿಟ್ಟೆ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಹೇಳಿ ಎಂದು ಕೇಳುತ್ತೇನೆ. ಅದಕ್ಕೆ ಯಾರೂ ಸಂಕೋಚಪಡುವುದಿಲ್ಲ.

ಸಂದರ್ಶನದ ದಿನ ಆ ಹೆಂಗಸು ಒಬ್ಬರೇ ಬರಲಿಲ್ಲ. ಹೆಂಡತಿಯ ಭುಜದ ಮೇಲೆ ಕೈಯಿಟ್ಟು, ಒಂದೊಂದೇ ಮೆಟ್ಟಿಲು ತಡವಿಕೊಂಡು ರೈಟರೂ ಬಂದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮ್ಯಾನೇಜರು ಮೂವರು ಹುಡುಗರನ್ನು ಮಾತಾಡಿಸಿದ ಮೇಲೆ ಇವರ ಅರ್ಜಿ ಕೈಗೆತ್ತಿಕೊಂಡರು.

"ಅನುಭವ ಇಲ್ಲ ಅಂತ ಬರೆದಿದೀರಲ್ಲಮ್ಮ?"

ಅವರು ಹೌದೆಂದು ತಲೆಯಾಡಿಸಿದರು. ಬೆಂಚಿನಿಂದ ಗಂಡನ ದನಿ ಬಂತು.

"ಆ ಪುಸ್ತಕ ಇವಳು ಬರೆದಿದ್ದು ಸಾರ್. ಹನ್ನೊಂದು ವರ್ಷ. ಆಳುಗಳ ಹೆಸರು ನಾನು ಕೂಗ್ತಿದ್ದೆ ನಿಜ, ಹೊಸಬರು ಬಂದಾಗೆಲ್ಲ ಹೆಸರು ಓದಿ ಬಾಯಿಪಾಠ ಮಾಡಿಸಿದ್ದೂ ಇವಳೇ."

"ಸುಮ್ನಿರಿ ನೀವು" ಎಂದರು ಹೆಂಡತಿ.

"ಸುಮ್ನಿದ್ದದ್ದು ಸಾಕು. ಇವಳಿಗೆ ಅನುಭವ ಇಲ್ಲ ಅಂದ್ರೆ ನಂಗೂ ಇಲ್ಲ ಅಂತ ಬರ್ಕಳಿ ಸಾರ್. ಮೋಸ ಅಂದ್ರೆ ಅದು ನಂದು, ಇವಳದ್ದಲ್ಲ."

ಕೆಳಗೆ ಬಸ್ಸಿನ ಕಂಡಕ್ಟರ್ ಬಾಳೆಹೊನ್ನೂರು ಎಂದು ಕೂಗುತ್ತಿದ್ದ. ಮ್ಯಾನೇಜರು ಹಾಜರಿ ಪುಸ್ತಕವನ್ನು ಚೀಲದಿಂದ ತೆಗೆದು ಹಾಳೆ ತಿರುವಿದರು. ತುಂಬ ಹೊತ್ತು ತಿರುವಿದರು. ಏನಾದರೂ ತಪ್ಪು ಸಿಗಲಿ ಎಂದು ಹುಡುಕುತ್ತಿದ್ದಾರೋ ಏನೋ ಎನಿಸಿತು. ಕೊನೆಗೆ ಪುಸ್ತಕ ಮುಚ್ಚಿ ಅರ್ಜಿಯನ್ನು ಹೆಂಗಸಿನ ಕಡೆ ಸರಿಸಿದರು.

"ಇದು ತಪ್ಪು ತುಂಬಿದೀರಿ. ತಿದ್ದಿಕೊಡಿ. ಒಂದನೇ ತಾರೀಕಿನಿಂದ ಹೆಸರು ಕೂಗೋದೂ ನೀವೇ."

ನನ್ನ ಪೆನ್ನು ಕೊಟ್ಟೆ. ಅವರು "ಇಲ್ಲ" ಎಂಬುದಕ್ಕೆ ಗೆರೆ ಎಳೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಿಧಾನವಾಗಿ ಬರೆದರು.

"ಎಂತ ಬರೆದೆ? ಓದು" ಎಂದರು ಗಂಡ.

"ಹನ್ನೊಂದು ವರ್ಷ, ಯಜಮಾನರ ಜೊತೆ."

"ಜೊತೆ ಅನ್ನೋದು ಜಾಸ್ತಿ ಆಯ್ತು."

"ಇರ್ಲಿ" ಎಂದು ಅವರು ಸಹಿ ಹಾಕಿದರು.