ತಿರುಗದ ಅಂಗೈ

ಉತ್ತರಹಳ್ಳಿಯಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಚನ್ನವೀರಯ್ಯನವರದು ಹಿಡಿದ ಹಟ ಬಿಡುವ ಜಾಯಮಾನವಲ್ಲ. ಬಚ್ಚಲಲ್ಲಿ ಜಾರಿಬಿದ್ದು ಎಡಗೈ ಮಣಿಕಟ್ಟು ಮುರಿದಾಗ, "ಆಸ್ಪತ್ರೆಗೆ ಹೋದ್ರೆ ಕುಯ್ದೇ ಕಳಿಸ್ತಾರೆ" ಎಂದು ತಾವೇ ವಾದಿಸಿ, ಆಸ್ಪತ್ರೆಗೆ ಹೋಗೋಣವೆಂದ ಹೆಂಡತಿ ಜಯದೇವಿಯ ಮಾತು ಕೇಳದೆ, ನಾಟಿ ವೈದ್ಯನ ಹತ್ತಿರ ಬಿದಿರು ದಬ್ಬೆ ಕಟ್ಟಿಸಿಕೊಂಡರು. ನಾಲ್ಕು ತಿಂಗಳ ಮೇಲೆ, ನೋವು ತಡೆಯಲಾರದೆ, ಜಯನಗರದ ಮೂಳೆ ಡಾಕ್ಟರ ಮುಂದೆ ಕೂತರು.

ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. "ಮೂಳೆ ಸೊಟ್ಟಗೆ ಕೂಡ್ಕೊಂಡ್ಬಿಟ್ಟಿದೆ ಅಂಕಲ್. ಅಂಗೈ ಇನ್ನು ಮೇಲಕ್ಕೆ ತಿರುಗಲ್ಲ. ನಿಮ್ಮ ಹಾರ್ಟಿಗೆ ಆಪರೇಷನ್ ತಡೆಯಲ್ಲ, ಮಾತ್ರೆ ಕೊಡ್ತೀನಿ. ಎಡಗೈ ತಾನೇ, ಊಟಕ್ಕೇನೂ ತೊಂದ್ರೆ ಇಲ್ವಲ್ಲ?"

ಚನ್ನವೀರಯ್ಯ ಮಾತ್ರೆ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ಬಂದರು.

ಎಂಟನೇ ವಯಸ್ಸಿನಿಂದ ಅವರು ಪೂಜೆಗೆ ಇಷ್ಟಲಿಂಗ ಇಟ್ಟುಕೊಳ್ಳುತ್ತಿದ್ದುದು ಎಡ ಅಂಗೈ ಮೇಲೆ. ಕೈ ಮುರಿದಂದಿನಿಂದ ಕೊರಳಲ್ಲಿನ ಲಿಂಗದ ಕರಡಿಗೆಯನ್ನೇ ಕಣ್ಣಿಗೊತ್ತಿಕೊಂಡು, ವಾಸಿಯಾಗಲಿ ಎಂದು ಕಾದಿದ್ದರು. ಮರುದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಲ್ಲು ಕಚ್ಚಿ ಕೈ ತಿರುಗಿಸಿದರು. ಅಂಗೈ ಅರ್ಧಕ್ಕೇ ನಿಂತು ಗೋಡೆ ನೋಡಿತು.

ಪತ್ರೆ ತಟ್ಟೆ ಹಿಡಿದು ನಿಂತಿದ್ದ ಹೆಂಡತಿಯ ಕಡೆಗೆ ಅವರು ತಲೆಯೆತ್ತಲಿಲ್ಲ.

"ಸತ್ತಾಗ್ಲೂ ಈ ಅಂಗೈಯಲ್ಲೇ ಲಿಂಗ ಇಟ್ಟು ಮಣ್ಣು ಮಾಡ್ಬೇಕಲ್ಲೇ, ಜಯಾ," ಅಂದರು. "ಎಲ್ಲಿಡ್ತೀರಿ?"