ನಕಾಶೆಯೊಳಗಿನ ಸವತಿ

ಗುರುಪಾದ ಮಾಸ್ತರು ಸ್ಕೂಟರಿನ ಹಿಂದೆ ಉದ್ದನೆಯ ಸುರುಳಿ ಕಟ್ಟಿಕೊಂಡು ಬಂದಾಗ ಕಾಶೆವ್ವ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಇರಬೇಕೆಂದುಕೊಂಡಳು. ಗೋಕಾಕದ ಫ್ಲೆಕ್ಸ್ ಅಂಗಡಿಯವರು ಮತ್ತೇನು ಮಾಡುತ್ತಾರೆ? ಆದರೆ ಪಡಸಾಲೆಯಲ್ಲಿ ಬಿಚ್ಚಿ ಹಾಸಿದಾಗ ಅದರಲ್ಲಿ ಕೈಮುಗಿದು ನಿಂತ ಪುಢಾರಿ ಇರಲಿಲ್ಲ. ಒಂದರ ಮಗ್ಗುಲಿಗೊಂದು ಸುತ್ತಿಕೊಂಡ ಕಂದು ಗೆರೆಗಳು, ನಡುವೆ ಹೊರಳಾಡುವ ನೀಲಿ ಪಟ್ಟಿ, ಅಲ್ಲಲ್ಲಿ ಕೆಂಪು ಚುಕ್ಕಿ.

"ಬ್ರಿಟಿಷರ ಕಾಲದ ಸರ್ವೇ ನಕಾಶಿ, ವೈನಿ," ಅಂದರು ಮಾಸ್ತರು. "ಕಂಪ್ಯೂಟರಿನಾಗ ಸಿಕ್ತು. ಸಣ್ಣ ಹಾಳಿಮ್ಯಾಲೆ ಅಣ್ಣಾರಿಗೆ ಕಾಣೂದಿಲ್ಲಂತ ದೊಡ್ಡದ ಮಾಡಿಸೇನಿ. ಡ್ಯಾಮ್ ಇಲ್ಲದಾಗಿನ ಘಟಪ್ರಭಾ ನೋಡ್ರಿ ಇದು. ಈ ಕಂದ ಗೆರಿ ಅಂದ್ರ ಏರು, ದಿನ್ನಿ."

ಮಾಸ್ತರು ಸಂಕೇಶ್ವರದವರು, ಶಾಲೆಯ ನೌಕರಿ ಮುಗಿಸಿದವರು. ಪೆನ್ಶನ್ ಬಂದ ಮೇಲೆ ಕೆಲವರಿಗೆ ತೀರ್ಥಯಾತ್ರೆಯ ಹುಚ್ಚು ಹಿಡಿದರೆ ಇವರಿಗೆ ಹಿನ್ನೀರಿನ ದಂಡೆಯ ಹುಚ್ಚು. ಬೇಸಿಗೆಯಲ್ಲಿ ಹಿಡಕಲ್ ಡ್ಯಾಮಿನ ನೀರು ಇಳಿದಾಗ ಹಳೆಯ ನಕಾಶೆಯನ್ನು ಫೋನಿನೊಳಗಿನ ಈಗಿನ ನಕಾಶೆಯ ಮೇಲೆ ಕೂರಿಸಿಕೊಂಡು, ಇಲ್ಲಿ ಗುಡಿ ಇತ್ತು, ಇಲ್ಲಿ ಸಂತೆ ಕೂಡುತ್ತಿತ್ತು ಎಂದು ಮುಳುಗಿದ ಊರುಗಳನ್ನು ಹುಡುಕುತ್ತ ತಿರುಗುವರು. ಕಾಶೆವ್ವನ ಗಂಡ ಮುರಿಗೆಪ್ಪ ಮುಳುಗಿದ ಕಡಹಟ್ಟಿಯಲ್ಲಿ ಹುಟ್ಟಿ ಬೆಳೆದವನೆಂದು ದಡ್ಡಿಯ ಚಹಾದಂಗಡಿಯಲ್ಲಿ ಕೇಳಿ, ನೇರ ಈ ಹೊಸ ಕಡಹಟ್ಟಿಯ ಮನೆಗೆ ಬಂದಿದ್ದರು.

ಮುರಿಗೆಪ್ಪ ಮೊಣಕಾಲೂರಿ ಕೂತ. ಚಪ್ಪಲಿ ಹಾಕಿಕೊಳ್ಳಲು ಸಹ ಬಗ್ಗಲಾರದವನು ನಕಾಶೆಯ ಮೇಲೆ ಕೂಸಿನ ಹಾಗೆ ಅಂಬೆಗಾಲಿಕ್ಕಿದ.

"ಇದು ಬಸವಣ್ಣನ ಗುಡಿ. ಇದು ನಮ್ಮ ಓಣಿ. ಈ ತುಂಡ ತುಂಡ ಗೆರಿ ಐತೆಲ್ಲ ಮಾಸ್ತರ, ಇದ ಹೊಳಿಗೆ ಇಳಿಯೂ ಹಾದಿ. ಈ ನೀಲಿ ಸೊನ್ನಿ ನಮ್ಮ ಭಾವಿ..."

ಅವನ ಬೆರಳು ಭಾವಿಯ ಹತ್ತಿರ ನಿಂತಿತು. ಅಲ್ಲಿಂದ ಮೆಲ್ಲಗೆ ಕಂದು ಗೆರೆಯೊಂದನ್ನು ಹತ್ತಿತು, ಸವರಿತು, ಮತ್ತೆ ಸವರಿತು. ಚಹಾ ತಂದು ನಿಂತಿದ್ದ ಕಾಶೆವ್ವ ಅದನ್ನು ನೋಡಿದಳು. ಇಷ್ಟು ವರ್ಷಗಳ ಸಂಸಾರದಲ್ಲಿ ಆ ಬೆರಳು ತನ್ನ ಮೈಮೇಲೆ ಅಷ್ಟು ಮೆತ್ತಗೆ ಓಡಾಡಿದ್ದು ಅವಳಿಗೆ ನೆನಪಿಲ್ಲ.

"ಇದರಾಗ ಮೂಡಲಗಿ ಎಲ್ಲೈತ್ರಿ?" ಎಂದು ಕೇಳಿದಳು. ಮೂಡಲಗಿ ಅವಳ ತವರು.

"ಮೂಡಲಗಿ ಇದರಾಗ ಬರಂಗಿಲ್ಲ ವೈನಿ. ಅದ ಬ್ಯಾರೆ ಹಾಳಿ."

"ಬರಂಗಿಲ್ಲ ಬಿಡ್ರಿ. ಈ ಮನಿಗೆ ಬಂದಾಗಿಂದ ನಾ ಬ್ಯಾರೆ ಹಾಳೀನ."

ಮಾಸ್ತರು ನಕ್ಕರು. ಮುರಿಗೆಪ್ಪನಿಗೆ ಕೇಳಿಸಲೇ ಇಲ್ಲ. ಚಹಾ ಆರಿ ಕೆನೆಗಟ್ಟಿತು.

ಕಾಶೆವ್ವ ಎರಡನೆಯ ಸಂಬಂಧಕ್ಕೆ ಬಂದವಳು. ಮೊದಲನೆಯವಳು ದ್ರಾಕ್ಷಾಯಿಣಿ, ಮದುವೆಯಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಕಾಮಾಲೆಯಾಗಿ ಸತ್ತವಳು. ಅವಳನ್ನು ಹಳೆಯ ಊರಿನಲ್ಲೇ ಮಣ್ಣು ಮಾಡಿದ್ದರು. ಮರುವರ್ಷ ಡ್ಯಾಮಿನ ನೀರು ಬರುತ್ತದೆಂದು ಊರಿಗೆ ಊರೇ ಎದ್ದು ಬಂತು. ಕಾಶೆವ್ವ ತಾಳಿ ಕಟ್ಟಿಸಿಕೊಂಡು ಬಂದದ್ದು ಹೊಸ ಊರಿನ ತಗಡಿನ ಮನೆಗೆ. ತಾಳಿಯ ಜೊತೆ ಅತ್ತೆ ಅವಳ ಕೊರಳಿಗೆ ಸಣ್ಣದೊಂದು ಬೆಳ್ಳಿಯ ಬಿಲ್ಲೆಯನ್ನೂ ಕಟ್ಟಿದಳು. ಸತ್ತವಳ ಹೆಸರಿನ ಬಿಲ್ಲೆ. ಕಟ್ಟಿಕೊಳ್ಳದಿದ್ದರೆ ಸವತಿ ಕಾಡುತ್ತಾಳಂತೆ. ಹೊಸ ಸೀರೆ ಬಂದರೆ ಮೊದಲು ಅವಳ ಹೆಸರಿಗೆ ಇಟ್ಟು ಆಮೇಲೆ ಉಡಬೇಕು. ಅಮಾವಾಸ್ಯೆಗೆ ಹೋಳಿಗೆ ಮಾಡಿದರೆ ಮೊದಲ ಎಡೆ ಅವಳಿಗೆ. ಅಂದರೆ ಮುಟ್ಟಿದ್ದೆಲ್ಲ ಅವಳು ಉಟ್ಟು ಬಿಟ್ಟದ್ದು, ಅವಳು ಉಂಡು ಮಿಕ್ಕಿದ್ದು.

ಅತ್ತೆ ಬದುಕಿರುವ ತನಕ ಒಂದೇ ಮಾತು: "ದ್ರಾಕ್ಷಾಯಿಣಿ ರೊಟ್ಟಿ ಬಡದ್ರ ಓಣಿಗೆಲ್ಲಾ ಕೇಳತಿತ್ತ ನೋಡವಾ." ಕಾಶೆವ್ವ ಹಟಕ್ಕೆ ಬಿದ್ದು ಬಡಿದಳು. ರೊಟ್ಟಿ ಹರಿಯಿತೇ ಹೊರತು ಯಾರೂ ಕೇಳಿಸಿತು ಅನ್ನಲಿಲ್ಲ. ಸವತಿ ಬದುಕಿದ್ದರೆ ಜಗಳವಾಡಬಹುದು, ಜುಟ್ಟು ಹಿಡಿಯಬಹುದು. ಇವಳದೊಂದು ಫೋಟೋ ಸಹ ಇಲ್ಲ, ಮೂಗು ಸೊಟ್ಟ ಇತ್ತು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ. ತಾನು ಮೂರು ಮಕ್ಕಳನ್ನು ಹೆತ್ತು, ಹಲ್ಲು ಕಳೆದುಕೊಂಡು, ಮಂಡಿ ಹಿಡಿದುಕೊಂಡು ಕೂರುವ ಹೊತ್ತಿಗೂ ಅವಳು ಮಾತ್ರ ನೀರೊಳಗೆ ಹದಿನೆಂಟರ ಹುಡುಗಿಯಾಗಿಯೇ ಇದ್ದಳು.

ಆದರೂ ಕಾಶೆವ್ವ ಮೊದಮೊದಲು ನಕಾಶೆಯನ್ನು ಗಂಡನ ಹಳೆಯ ಊರಿನ ಹುಚ್ಚು ಎಂದೇ ತಿಳಿದಿದ್ದಳು. ಅದನ್ನು ಬಿಡಿಸಿ ಹೇಳಿದವಳು ಯಲ್ಲಕ್ಕ. ಯಲ್ಲಕ್ಕ ಕುರಿಯವಳು, ಹಳೆಯ ಕಡಹಟ್ಟಿಯವಳೇ. ಹಿನ್ನೀರು ಇಳಿದು ಹುಲ್ಲು ಚಿಗುರುವ ನೆಲದಲ್ಲಿ ಇಂದಿಗೂ ಕುರಿ ಮೇಯಿಸುತ್ತಾಳೆ. ಮಧ್ಯಾಹ್ನ ಮಜ್ಜಿಗೆಗೆ ಬಂದವಳು ಗೋಡೆಗೆ ಒರಗಿಸಿದ್ದ ಸುರುಳಿಯನ್ನು ನೋಡಿ ಹಲ್ಲು ಬಿಟ್ಟಳು.

"ನಿನ್ನ ಗಂಡ ಏನ ಹುಡಕಾಕತ್ತಾನಂತ ತಿಳದೀಯ ಕಾಶವ್ವಾ?"

"ಗುಡಿ, ಗುಂಡಾರ, ಭಾವಿ. ಮತ್ತೇನೈತಿ ಅಲ್ಲಿ?"

"ದೇವರನ್ನ ಆವಾಗನ ಬಂಡ್ಯಾಗ ಹೇರಕೊಂಡ ಬಂದೇವಿ. ಬಾಗಲಾ, ತೊಲಿ, ಬೀಸೂಕಲ್ಲ ಸುದ್ದಾ ತಂದೇವಿ. ತರದ ಬಿಟ್ಟ ಬಂದದ್ದ ಏನ ಹೇಳ?"

"ಏನ?"

"ಸತ್ತವರ್ನ." ಯಲ್ಲಕ್ಕ ಮಜ್ಜಿಗೆಯ ಮೀಸೆ ಒರೆಸಿಕೊಂಡಳು. "ಭಾವಿ ಮ್ಯಾಲಿನ ದಿನ್ನಿಮ್ಯಾಗ ಅದಾಳ ಆಕಿ. ಮುರಿಗ್ಯಣ್ಣ ಮಾಸ್ತರ್ನ ಕೇಳಿದ್ದು ನಾ ನನ್ನ ಕಿವ್ಯಾರೆ ಕೇಳೇನಿ. ಈ ಸಲ ನೀರ ಬಾಳ ಇಳದೈತಿ, ದಿನ್ನಿ ತೆರದೈತಿ, ಹೋಗೂಣೇನ್ರಿ ಅಂದ."

ಆ ಸಂಜೆ ಮುರಿಗೆಪ್ಪ ಊಟಕ್ಕೆ ಕೂತಾಗ ಕಾಶೆವ್ವ ರೊಟ್ಟಿ ಹಾಕದೆ ಕೈಯಲ್ಲಿಯೇ ಹಿಡಿದು ನಿಂತಳು.

"ಏನ್ರಿ, ಆಕೀನ ಹುಡಕಾಕ ಹೊಂಟೀರಂತ?"

ಅವನು ಸುಳ್ಳು ಹೇಳಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ತಲೆ ತಗ್ಗಿಸಿ, "ಒಂದ ಹಿಡಿ ಮಣ್ಣ ತರತೀನಿ," ಅಂದ. "ಹೊಲದಾಗ ಇಡತೀನಿ. ಪಾಪ, ಒಬ್ಬಾಕೀನ ಅಲ್ಲಿ ಉಳದಾಳ."

"ಹೊಲದಾಗ ಎಲ್ಲಿ?"

"ನನ್ನ ಬಾಜೂಕ."

ಹೊಲದ ಆ ಮೂಲೆ ಕಾಶೆವ್ವನಿಗೆ ಅಂಗೈಯ ಹಾಗೆ ಗೊತ್ತು. ಅವರ ಜನರಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲಿ, ಕೂತ ಭಂಗಿಯಲ್ಲಿ ಮಣ್ಣು ಮಾಡುತ್ತಾರೆ. ಅತ್ತೆ ಮಾವ ಅಲ್ಲಿ ಅಕ್ಕಪಕ್ಕ ಕೂತಿದ್ದಾರೆ. ಅವರ ಪಕ್ಕ ಮುರಿಗೆಪ್ಪನ ಜಾಗ. ಅದರ ಪಕ್ಕ ಇನ್ನೊಬ್ಬರು ಕೂಡುವಷ್ಟು ನೆಲ. ಆಮೇಲೆ ಪಕ್ಕದ ಹೊಲದ ಸತ್ಯಪ್ಪನ ಬದು. ಆ ಇನ್ನೊಬ್ಬರ ನೆಲ ತನ್ನದೆಂದು ಕಾಶೆವ್ವ ಎಂದೂ ಯಾರನ್ನೂ ಕೇಳಿರಲಿಲ್ಲ. ಕಳೆ ತೆಗೆಯುವಾಗ ಅಲ್ಲಿ ಮಾತ್ರ ಎರಡು ಸಲ ಕೈಯಾಡಿಸುತ್ತಿದ್ದಳು, ಅಷ್ಟೇ.

"ನಾ ಎಲ್ಲಿ ಕೂಡಲ್ರಿ ಮತ್ತ? ಸತ್ಯಪ್ಪನ ಕಬ್ಬಿನಾಗ?"

ಅವನು ರೊಟ್ಟಿಗಾಗಿ ಕೈ ಚಾಚಿದ. ಅವಳು ರೊಟ್ಟಿಯನ್ನು ಬುಟ್ಟಿಗೆ ಎಸೆದು ಒಳಗೆ ಹೋದಳು.

ಮರುದಿನ ಅವನು ದಡ್ಡಿಗೆ ಹೋದ ಹೊತ್ತು ನೋಡಿ ಕಾಶೆವ್ವ ಸುರುಳಿಯನ್ನು ಮಾಳಿಗೆಗೆ ಒಯ್ದಳು. ಮನೆಯಲ್ಲಿ ಸಂಡಿಗೆ ಹಾಕುವ ಕಾಲ. ಬಿಸಿಲಿಗೆ ನಕಾಶೆ ಬಿಚ್ಚಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಕುದಿಸಿದ ಅಕ್ಕಿಹಿಟ್ಟನ್ನು ಸೌಟಿನಲ್ಲಿ ಸುರುವತೊಡಗಿದಳು. ಬಸವಣ್ಣನ ಗುಡಿಗೆ ಕೈ ಮುಗಿದು, ಅದೊಂದನ್ನು ಮಾತ್ರ ಬಿಟ್ಟಳು. ಓಣಿಯ ಮೇಲೆ ಒಂದು ಸೌಟು, ಹೊಳೆಯ ಹಾದಿಯ ಮೇಲೆ ಒಂದು. ಭಾವಿಯ ಮೇಲಿನ ಆ ಕಂದು ಗೆರೆ ಬಂದಾಗ ಎರಡು ಸೌಟು ಸುರುವಿ, ಸೌಟಿನ ಬೆನ್ನಿನಿಂದ ಚೆನ್ನಾಗಿ ಹರಡಿದಳು.

ಸಂಜೆಗೆ ಸಂಡಿಗೆ ಒಣಗಿ ಕಿತ್ತಾಗ ಅದರ ಬೆನ್ನಿಗೆ ಕಡಹಟ್ಟಿಯ ಬಣ್ಣ ಅಂಟಿಕೊಂಡು ಬಂತು. ಅದೇ ಹೊತ್ತಿಗೆ ಮಾಸ್ತರು ಮಾಳಿಗೆಯ ಮೆಟ್ಟಿಲಲ್ಲಿ ಕಾಣಿಸಿದರು, ಹಿಂದೆ ಮುರಿಗೆಪ್ಪ.

"ಫ್ಲೆಕ್ಸ್ ಅಲ್ಲೇನ್ರಿ, ಸಂಡಿಗಿಗೆ ಚಲೋ ಆಕ್ಕೈತಿ," ಅಂದಳು ಕಾಶೆವ್ವ, ಯಾರೂ ಕೇಳುವ ಮೊದಲೇ.

ಮಾಸ್ತರು ಒಂದು ಸಂಡಿಗೆ ಎತ್ತಿ ತಿರುವಿ ನೋಡಿದರು. "ಇರಲಿ ತಗೋರಿ ವೈನಿ. ನಕಾಶಿ ಫೋನಿನಾಗ ಐತಿ. ನಾಳೆ ಮುಂಜಾನೆ ಹೋಗೂದ ನಕ್ಕಿ."

ಮುರಿಗೆಪ್ಪ ಬೈಯಲಿಲ್ಲ. ಬೈದಿದ್ದರೆ ಅದೂ ಒಂದು ಚೆಂದವಿತ್ತು; ಕಣ್ಣಲ್ಲಿ ನೀರು ತಂದುಕೊಂಡು ಬಣ್ಣ ಹೋದ ಕಡೆ ಸವರಿದ.

"ನಾನೂ ಬರತೀನಿ," ಅಂದಳು ಕಾಶೆವ್ವ.

"ನೀ ಯಾಕ? ಮಂಡಿ ನೋವ ಅಂತೀದಿ."

"ಮಂಡಿ ನಂದ, ನೋವೂ ನಂದ. ನಿಮಗೇನ?"

ಮರುದಿನ ಬಿಸಿಲೇರುವ ಮೊದಲು ನಾಲ್ವರು ದಂಡೆಗೆ ಇಳಿದರು. ಯಲ್ಲಕ್ಕ ಕುರಿಗಳನ್ನು ಮುಂದೆ ಬಿಟ್ಟುಕೊಂಡು ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿಕೊಂಡು ಬಂದಿದ್ದಳು. ನೀರು ದೂರ ಸರಿದು, ನೆಲ ಹಂಚಿನ ಚೂರುಗಳ ಹಾಗೆ ಬಿರುಕು ಬಿಟ್ಟಿತ್ತು. ಮಾಸ್ತರ ಫೋನಿನಲ್ಲಿ ಹಳೆಯ ನಕಾಶೆಯ ಮೇಲೆ ಒಂದು ನೀಲಿ ಚುಕ್ಕಿ. ಅವರು ನಡೆದರೆ ಅದೂ ನಡೆಯುತ್ತಿತ್ತು. "ಈಗ ನಾವ ಹೊಳಿ ಹಾದ್ಯಾಗ ಅದೇವಿ," "ಇನ್ನ ಓಣಿ ಬಂತ," ಎಂದು ಅವರು ಹೇಳಿದಂತೆ ಬರಿಯ ಕೆಸರಿನ ಬಯಲಲ್ಲಿ ಗೋಡೆಯ ಬುಡಗಳು ಕಂಡವು. ಭಾವಿಯ ಕಲ್ಲಿನ ಬಳೆ ಕಂಡಿತು, ಒಳಗೆ ಹೂಳು ತುಂಬಿತ್ತು. ಅದರ ಮೇಲೆ ದಿನ್ನೆ. ದಿನ್ನೆಯ ಮೇಲೆ ಕೊಳೆಯದೆ ಉಳಿದ ದೊಡ್ಡದೊಂದು ಹುಣಸೆಯ ಬೊಡ್ಡೆ.

ಬೊಡ್ಡೆ ಕಂಡದ್ದೇ ತಡ ಮುರಿಗೆಪ್ಪ ಓಡಿದ. ನಿಜವಾಗಿ ಓಡಿದ, ಧೋತರದ ಚುಂಗು ಹಿಡಿದುಕೊಂಡು, ಇಪ್ಪತ್ತೆರಡರ ಹುಡುಗನ ಹಾಗೆ. ಕಾಶೆವ್ವ ಹೆರಿಗೆ ನೋವು ತಿನ್ನುವಾಗ ಸೂಲಗಿತ್ತಿಯನ್ನು ಕರೆಯಲು ಸಹ ಅವನು ನಡೆದುಕೊಂಡೇ ಹೋಗಿದ್ದ.

ಬೊಡ್ಡೆಯ ಮೂಡಣಕ್ಕೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಬೂದು ಮಣ್ಣು ಬಾಚಿ ಎದೆಯ ಹತ್ತಿರ ಹಿಡಿದ. "ಇಲ್ಲೇ," ಅಂದ. "ಇಲ್ಲೇ ಅದಾಳ."

ಕಾಶೆವ್ವನಿಗೆ ತಡೆಯಲಾಗಲಿಲ್ಲ.

"ಅದ ಆಕಿ ಮಣ್ಣಲ್ರಿ. ಹೊಳಿ ಹೊತ್ತ ತಂದ ಕೆಸರ ಅದು. ಆಕಿ ಸತ್ತಮ್ಯಾಲ ಬಂದದ್ದು. ನನ್ನಂಗ."

ಯಲ್ಲಕ್ಕ ಗಲ್ಲಕ್ಕೆ ಕೈ ಹಚ್ಚಿದಳು. "ಏನ ಹೊಟ್ಟೀಕಿಚ್ಚವಾ ನಿಂದು! ಸತ್ತಾಕಿಮ್ಯಾಲ ಸುದ್ದಾ?"

"ಸತ್ತಾಕಿ ಅಂತನ. ಬದುಕಿದ್ದರ ಇಷ್ಟೊತ್ತಿಗೆ ಇಬ್ಬರೂ ಮುದುಕ್ಯಾರಾಗಿ ಕೂಡಿ ಎಲಿ ಅಡಕಿ ತಿಂತಿದ್ವಿ."

"ಖರೆ ಐತಿ," ಅಂದ ಮುರಿಗೆಪ್ಪ. ಬೆರಳು ಸಡಿಲಾಗಿ ಕೆಸರು ಪುಡಿಪುಡಿಯಾಗಿ ಉದುರಿತು. "ಕಾಶಿ ಅನ್ನೂದ ಖರೆ ಐತಿ. ಇದು ಆಕಿ ಅಲ್ಲ."

ಗೆದ್ದಳು ಕಾಶೆವ್ವ. ಗೆದ್ದು ಗಂಡನ ಮುಖ ನೋಡಿದಳು. ಅವನು ಬರಿಗೈ ತೊಡೆಯ ಮೇಲಿಟ್ಟುಕೊಂಡು ನೆಲವನ್ನೇ ನೋಡುತ್ತಿದ್ದ. ಆ ನೋಟ ಅವಳಿಗೆ ಅರ್ಥವಾಯಿತು. ಇವತ್ತು ಬರಿಗೈಯಲ್ಲಿ ಹೋದರೆ ಬರುವ ಬೇಸಿಗೆಗೆ ಮತ್ತೆ ಬರುತ್ತಾನೆ. ಅದರಾಚೆಯ ಬೇಸಿಗೆಗೂ. ಮಳೆಗಾಲವೆಲ್ಲ ದಂಡೆಯ ಮೇಲೆ ನಿಂತು ನೀರು ನೋಡುತ್ತಾನೆ. ಸವತಿ ನೀರೊಳಗಿದ್ದಷ್ಟು ದಿನ ಗಂಡ ನೀರಿನ ಕಡೆಗೇ. ಅವಳನ್ನು ತಂದು ಹೊಲದಲ್ಲಿ ಕೂರಿಸಿದರೆ ಕಣ್ಣೆದುರಿಗಿರುತ್ತಾಳೆ, ಏನು ಮಾಡುತ್ತಾಳೆ ನೋಡೋಣ.

"ಕುಡಗೋಲ ಕೊಡ ಇಲ್ಲಿ," ಎಂದು ಯಲ್ಲಕ್ಕನ ಸೊಂಟಕ್ಕೆ ಕೈಹಾಕಿದಳು.

ಮಂಡಿಯೂರಿ, ಬಿರುಕಿನೊಳಗೆ ಕುಡುಗೋಲು ತೂರಿಸಿ ಮೀಟಿದಳು. ಹೂಳಿನ ಹೆಂಟೆ ಎದ್ದು ಬಂತು. ಮತ್ತೊಂದು ಮೀಟಿದಳು.

"ಇದು ಏರ ಜಾಗಾ ವೈನಿ," ಮಾಸ್ತರು ಫೋನಿನ ಕಂದು ಗೆರೆ ತೋರಿಸಿದರು. "ಇಲ್ಲಿ ಹೂಳ ಬಾಳ ಕೂತಿರಂಗಿಲ್ಲ. ಸಿಗತೈತಿ."

ಮೊಣಕೈ ಮುಳುಗುವಷ್ಟು ತೋಡಿದಾಗ ಬೂದು ಬಣ್ಣ ಹೋಗಿ ಕೆಂಪು ಗರಸು ಬಂತು. ಹಸಿಯಾಗಿತ್ತು, ತಣ್ಣಗಿತ್ತು. ಕಾಶೆವ್ವ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಡಿದು ನೋಡಿದಳು. ಇದೇ ಅವಳು. ಇಷ್ಟೇ ಅವಳು.

ಮುರಿಗೆಪ್ಪ ಎರಡೂ ಕೈ ಚಾಚಿದ. ಕಾಶೆವ್ವ ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡ. ನೀವ ಮುಟ್ಟಬ್ಯಾಡ್ರಿ."

ಮಣ್ಣನ್ನು ಸೆರಗಿನ ತುದಿಗೆ ಹಾಕಿ, ಬಿಗಿಯಾಗಿ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಾರಿಯುದ್ದಕ್ಕೂ ಮುರಿಗೆಪ್ಪ ಅವಳ ಮಗ್ಗುಲಲ್ಲಿಯೇ ನಡೆದ, ಗಂಟಿನ ಕಡೆಗೆ ಕಣ್ಣಿಟ್ಟು. ಅವಳು ಗಂಟಿದ್ದ ಮಗ್ಗುಲು ಬದಲಿಸಿದಳು.

ಮನೆಗೆ ಹೋಗಲಿಲ್ಲ, ನೇರ ಹೊಲಕ್ಕೆ ಹೋದರು. ಅತ್ತೆ ಮಾವನ ಸಮಾಧಿಗೆ ನಮಸ್ಕಾರ ಮಾಡಿ ಕಾಶೆವ್ವ ಸತ್ಯಪ್ಪನ ಬದುವಿನ ತನಕ ನಡೆದಳು. ಬದುವಿಗೆ ತಾಗಿ ಕುಡುಗೋಲಿನಿಂದ ಸಣ್ಣ ಕುಣಿ ತೆಗೆದಳು.

"ಅಲ್ಲ, ಈ ಕಡೆ..." ಅಂದ ಮುರಿಗೆಪ್ಪ, ತನ್ನ ಜಾಗದ ಪಕ್ಕ ಕೈ ತೋರಿಸಿ.

"ಆಕಿ ಇಲ್ಲೇ. ಹಿಡಿ ಮಣ್ಣಿಗೆ ಎಷ್ಟ ಜಾಗಾ ಬೇಕ್ರಿ?" ಗಂಟು ಬಿಚ್ಚಿ ಮಣ್ಣನ್ನು ಕುಣಿಗೆ ಹಾಕಿದಳು. ಒಂದು ಚೂರೂ ಸೆರಗಿಗೆ ಉಳಿಯದಂತೆ ಕೊಡವಿದಳು. ಮುಚ್ಚಿದಳು. ಮೇಲೊಂದು ಕಲ್ಲು ಇಟ್ಟಳು. ಅತ್ತೆಯ ಸಮಾಧಿಯ ಮೇಲಿನ ವಿಭೂತಿ ತಂದು ತನ್ನ ಕೈಯಿಂದಲೇ ಆ ಕಲ್ಲಿಗೆ ಹಚ್ಚಿದಳು. ಆಮೇಲೆ ಎದ್ದು ಒಂದು ಹೆಜ್ಜೆ ಈಚೆಗೆ ಬಂದು, ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಮಂಡಿ ಕಟಕಟ ಅಂದಿತು.

"ಏನ ಮಾಡಾಕತ್ತೀದಿ?" ಅಂದ ಮುರಿಗೆಪ್ಪ.

"ಜಾಗಾ ಸಾಕಾಕ್ಕೈತೇನ ನೋಡಾಕತ್ತೇನಿ. ಬರ್ರಿ, ನೀವೂ ಕೂತ ನೋಡ್ರಿ. ನಿಮ್ಮ ಜಾಗಾದಾಗ."

ಯಲ್ಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಅಯ್ ಶಿವನ! ನಡುವ ತಾ ಕೂತಳ ನೋಡ್ರಿ ಮಾಸ್ತರ, ಬಸ್ಸಿನ್ಯಾಗ ಸೀಟ ಹಿಡದಂಗ!"

ಮುರಿಗೆಪ್ಪ ಮಾಸ್ತರ ಮುಖ ನೋಡಿದ, ಬದುವಿನ ಕಲ್ಲು ನೋಡಿದ. ಆಮೇಲೆ ಬಂದು, ಕೈಯೂರಿ, ನರಳುತ್ತ ಅವಳ ಮಗ್ಗುಲಿಗೆ ಕೂತ. ಕಾಶೆವ್ವ ಆಚೆ ಕೈ ಚಾಚಿ ಕಲ್ಲು ಮುಟ್ಟಿ ನೋಡಿದಳು, ಈಚೆ ಕೈ ಚಾಚಿ ಗಂಡನ ತೊಡೆ ಮುಟ್ಟಿ ನೋಡಿದಳು.

"ಇನ್ನಷ್ಟ ಈ ಕಡೆ ಸರೀರಿ," ಅಂದಳು.

ಅವನು ಸರಿದು ಕೂತ.